ಕೊಲ್ಲಂನ ಕಪ್ಪು ಮರಳು, ಸಹಜ ವಿಕಿರಣ ಮತ್ತು ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕರಾವಳಿಯವನು. ಕೇರಳದ ಕೊಲ್ಲಂ ಕಡೆ ಮಗಳನ್ನು ಕೊಟ್ಟವರು, ಅಲ್ಲಿಗೆ ಕೆಲಸಕ್ಕೆ ಹೋದವರು ನಮ್ಮ ಪರಿಚಯದಲ್ಲಿದ್ದಾರೆ. "ಅಲ್ಲಿ ಮರಳಲ್ಲೇ ವಿಕಿರಣ ಇದೆಯಂತೆ, ಕ್ಯಾನ್ಸರ್ ಬರುತ್ತಂತೆ, ಹೌದಾ?" ಎಂದು ಅವರು ಕೇಳುತ್ತಲೇ ಇರುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಲ್ಲಿ ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ಹಿನ್ನೆಲೆ ವಿಕಿರಣ ಅಂದರೆ ಏನು?

ಅಣುಸ್ಥಾವರವೂ ಬೇಡ, ಎಕ್ಸ್-ರೇ ಯಂತ್ರವೂ ಬೇಡ, ಸುಮ್ನೆ ಭೂಮಿಯ ಮೇಲೆ ಬದುಕಿದ್ದಕ್ಕೇ ನಮಗೆ ತಾಗುವ ವಿಕಿರಣ ಇದು. ಸ್ವಲ್ಪ ಆಕಾಶದಿಂದ ಬರುತ್ತದೆ. ಸ್ವಲ್ಪ ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂಗಳಿಂದ ಬರುತ್ತದೆ. ಇನ್ನು ಸ್ವಲ್ಪ ನಮ್ಮ ಮೈಯೊಳಗೇ ಇದೆ. ದೊಡ್ಡವರೊಬ್ಬರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ ಪರಮಾಣುಗಳು ಸಿಡಿಯುತ್ತಲೇ ಇರುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ರೇಡಾನ್ ಎಂಬ ಅನಿಲವಿದೆ. ಎಲ್ಲಕ್ಕಿಂತ ದೊಡ್ಡ ಪಾಲು ಅದರದ್ದೇ.

ಇದನ್ನು ಅಳೆಯಲು ಮಿಲಿಸೀವರ್ಟ್ ಎಂಬ ಮಾನವಿದೆ. ಎಲ್ಲ ಸೇರಿ ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಮಿಲಿಗ್ರೇ ಎಂಬ ಇನ್ನೊಂದು ಮಾನವೂ ಮುಂದೆ ಬರುತ್ತದೆ. ಮರಳಿನಿಂದ ಬರುವ ಗ್ಯಾಮಾ ಕಿರಣಗಳ ಮಟ್ಟಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಎಂದುಕೊಂಡರೆ ಸಾಕು.

ಬಾಳೆಹಣ್ಣಲ್ಲೂ ವಿಕಿರಣ ಇದೆಯಂತಲ್ಲ?

ಇದೆ. ಆದರೆ ಪೊಟ್ಯಾಸಿಯಂ ಎಷ್ಟು ಬೇಕೋ ಅಷ್ಟನ್ನೇ ದೇಹ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಹೊರಹಾಕುತ್ತದೆ. ಧಾರಾಳವಾಗಿ ತಿನ್ನಿ.

ಕೊಲ್ಲಂ ತೀರದಲ್ಲೇ ಯಾಕೆ ಜಾಸ್ತಿ?

ಮೊನಾಜೈಟ್ ಎಂಬ ಖನಿಜದಿಂದ. ಘಟ್ಟದ ಕಡೆಯ ಹಳೆಯ ಕಲ್ಲುಗಳು ಲಕ್ಷಾಂತರ ವರ್ಷ ಸವೆದು, ಹೊಳೆಗಳಲ್ಲಿ ಇಳಿದು ಬಂದು ಕಡಲು ಸೇರಿದವು. ಅಲೆ ಬಂದು ಹೋಗುವಾಗ ಹಗುರ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ ಕಾಳು ದಡದಲ್ಲೇ ಉಳಿಯುತ್ತದೆ. ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹೀಗೆ ಉಳಿದ ಭಾರದ ಮರಳಲ್ಲಿ ಇಲ್ಮನೈಟ್, ರೂಟೈಲ್, ಜಿರ್ಕಾನ್‌ಗಳ ಜೊತೆ ಮೊನಾಜೈಟ್ ಕೂಡ ಇದೆ. ಮಲಯಾಳದಲ್ಲಿ ಇದಕ್ಕೆ 'ಕರಿಮಣಲ್' ಎನ್ನುತ್ತಾರೆ, ಅಂದರೆ ಕಪ್ಪು ಮರಳು. ನಮ್ಮ ದೇಶದ ಮೊನಾಜೈಟ್‌ನಲ್ಲಿ ನೂರಕ್ಕೆ 8ರಿಂದ 10 ಪಾಲು ಥೋರಿಯಂ ಆಕ್ಸೈಡ್ ಇರುತ್ತದೆ. ವಿಕಿರಣಕ್ಕೆ ಮೂಲ ಅದೇ.

1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಇದನ್ನು ಗುರುತಿಸಿದ. ಆಗ ಕೊಲ್ಲಂ ಸೇರಿದ್ದ ತಿರುವಾಂಕೂರು ಸಂಸ್ಥಾನದಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳು ಅವನ ಕಣ್ಣಿಗೆ ಬಿದ್ದಿತ್ತು. ಆಗ ಥೋರಿಯಂ ಬೇಕಾಗಿದ್ದು ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ. ನಮ್ಮಲ್ಲಿ ಯಕ್ಷಗಾನದ ರಂಗಸ್ಥಳಕ್ಕೆ ಬೆಳಕು ಕೊಡುತ್ತಿದ್ದ ದೀಪದಲ್ಲೂ ಉರಿಯುತ್ತಿದ್ದುದು ಇಂಥ ಮ್ಯಾಂಟಲ್ಲೇ.

ಈಗ ಆ ಜಾಗ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿ ತಾಲೂಕಿನಲ್ಲಿದೆ. ನೀಂಡಕರ, ಚವರ, ಆಲಪ್ಪಾಡ್ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ತೆಂಗಿನ ತೋಟ ಮತ್ತು ಒತ್ತೊತ್ತಾಗಿ ಮನೆಗಳು. ಮೀನುಗಾರರು ತಲೆತಲಾಂತರದಿಂದ ಅಲ್ಲೇ ಹುಟ್ಟಿ ಅಲ್ಲೇ ಬೆಳೆದಿದ್ದಾರೆ. ತೀರದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 4 ಮಿಲಿಗ್ರೇ ಆಸುಪಾಸು ಇದೆ, ಕೆಲವು ಜಾಗಗಳಲ್ಲಿ 70ರವರೆಗೂ ಹೋಗುತ್ತದೆ. ಎಲ್ಲ ಕಡೆ ಒಂದೇ ಸಮ ಇಲ್ಲ ಎಂಬುದನ್ನು ನೆನಪಿಡಿ. ಒಂದು ಮನೆಯಲ್ಲಿ ಜಾಸ್ತಿ ಇದ್ದರೆ ಬೇಲಿಯಾಚೆಯ ಮನೆಯಲ್ಲಿ ಅರ್ಧವೂ ಇಲ್ಲದಿರಬಹುದು.

ಹಾಗಾದರೆ ಅಲ್ಲಿಯ ಜನರಿಗೆ ಕ್ಯಾನ್ಸರ್ ಜಾಸ್ತಿ ಇದೆಯಾ?

ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ. ಸ್ವಲ್ಪ ತಾಳ್ಮೆಯಿಂದ ಓದಿ.

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1990ರಲ್ಲಿ ಕರುನಾಗಪಳ್ಳಿಯಲ್ಲಿ ಒಂದು ಕ್ಯಾನ್ಸರ್ ನೋಂದಣಿಯನ್ನು ಶುರು ಮಾಡಿತು. ತಾಲೂಕಿನಲ್ಲಿ ಯಾರಿಗೇ ಕ್ಯಾನ್ಸರ್ ಬಂದರೂ ಅಲ್ಲಿ ದಾಖಲಾಗಬೇಕು ಎಂಬುದು ಉದ್ದೇಶ. ಜೊತೆಗೆ ಮನೆಮನೆಗೆ ಹೋದರು. ತಾಲೂಕಿನ 3.85 ಲಕ್ಷ ಜನರ ವಿವರ ಬರೆದುಕೊಂಡರು. ಬೀಡಿ ಸೇದುತ್ತೀರಾ, ಎಲೆ-ಅಡಿಕೆ ಹಾಕುತ್ತೀರಾ, ಕುಡಿಯುತ್ತೀರಾ, ಏನು ಕೆಲಸ, ಎಷ್ಟು ಓದಿದ್ದೀರಿ, ಎಲ್ಲವನ್ನೂ ಕೇಳಿದರು. 70 ಸಾವಿರಕ್ಕೂ ಹೆಚ್ಚು ಮನೆಗಳ ಒಳಗೆ ಮತ್ತು ಅಂಗಳದಲ್ಲಿ ಮೀಟರ್ ಹಿಡಿದು ವಿಕಿರಣ ಅಳೆದರು.

ಆ ಕೆಲಸ ನೆನೆದರೆ ನನಗೆ ಗೌರವ ಬರುತ್ತದೆ. ಇಂಥ ವಿಷಯದಲ್ಲಿ ಎಷ್ಟೋ ಅಧ್ಯಯನಗಳು "ಈ ಜಿಲ್ಲೆಯ ಸರಾಸರಿ ವಿಕಿರಣ ಇಷ್ಟು, ಕ್ಯಾನ್ಸರ್ ಇಷ್ಟು" ಎಂದು ಜಿಲ್ಲೆ ಜಿಲ್ಲೆ ಹೋಲಿಸಿ ಮುಗಿಸುತ್ತವೆ. ಅದರಲ್ಲಿ ಬೀಡಿ ಸೇದುವವನೂ ಸೇದದವನೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಒಬ್ಬೊಬ್ಬರ ಲೆಕ್ಕವೂ ಬೇರೆ ಬೇರೆಯಾಗಿಯೇ ಇತ್ತು.

2009ರಲ್ಲಿ ದೊಡ್ಡ ವರದಿ ಬಂತು. 30ರಿಂದ 84 ವರ್ಷದೊಳಗಿನ 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದ್ದರು. 2005ರ ಕೊನೆಯ ಹೊತ್ತಿಗೆ 1,379 ಜನರಿಗೆ ಕ್ಯಾನ್ಸರ್ ಬಂದಿತ್ತು. ಅದರಲ್ಲಿ 30 ರಕ್ತ ಕ್ಯಾನ್ಸರ್. ಕಡಿಮೆ ವಿಕಿರಣದ ಮನೆಯವರನ್ನೂ ಜಾಸ್ತಿ ವಿಕಿರಣದ ಮನೆಯವರನ್ನೂ ಹೋಲಿಸಿ ನೋಡಿದರು. ವಿಕಿರಣ ಏರಿದ ಹಾಗೆ ಕ್ಯಾನ್ಸರ್ ಏರಲಿಲ್ಲ. ರಕ್ತ ಕ್ಯಾನ್ಸರ್ ಕೂಡ ಏರಲಿಲ್ಲ.

ಆದರೆ ಅದೇ ಜನರಲ್ಲಿ ಬೇರೊಂದು ಸಂಬಂಧ ಎದ್ದು ಕಂಡಿತು. ಬೀಡಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ನಂಟು. ಹೊಗೆಸೊಪ್ಪು ಜಗಿಯುವುದಕ್ಕೂ ಬಾಯಿ ಕ್ಯಾನ್ಸರ್‌ಗೂ ನಂಟು. ಅಂದರೆ ಈ ಅಧ್ಯಯನದ ಬಲೆ ತೂತಾಗಿರಲಿಲ್ಲ. ದೊಡ್ಡ ಮೀನು ಇದ್ದಲ್ಲಿ ಅದು ಸಿಕ್ಕಿಬಿದ್ದಿದೆ.

ಹಾಗಾದರೆ ವಿಕಿರಣದಿಂದ ಕ್ಯಾನ್ಸರ್ ಬರುವುದೇ ಇಲ್ಲ ಅಂತಲಾ?

ಅಲ್ಲ. ಕರುನಾಗಪಳ್ಳಿಯ ಹೆಸರು ಹೇಳಿ ಈ ಮಾತು ಹಬ್ಬಿಸುವವರು ಇದ್ದಾರೆ. ನನಗೆ ಒಪ್ಪಿಗೆ ಇಲ್ಲ.

ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರನ್ನು ದಶಕಗಟ್ಟಲೆ ಗಮನಿಸಿದ್ದಾರೆ. ಅಲ್ಲಿ ವಿಕಿರಣ ಏರಿದ ಹಾಗೆ ಕ್ಯಾನ್ಸರ್ ಏರಿದ್ದು ಸ್ಪಷ್ಟ. ಒಂದು ಗ್ರೇ, ಅಂದರೆ 1,000 ಮಿಲಿಗ್ರೇ ತಾಗಿದವರಲ್ಲಿ ಗಡ್ಡೆಯ ಕ್ಯಾನ್ಸರ್‌ಗಳು ನೂರಕ್ಕೆ ಸುಮಾರು 47ರಷ್ಟು ಹೆಚ್ಚಿದವು. ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತಾಗಿದ ವಿಕಿರಣ. ಕೊಲ್ಲಂನ ಮರಳಿನದ್ದು ಹನಿ ಹನಿ. ಒಂದು ಕೊಡ ನೀರನ್ನು ಒಂದೇ ಸಲ ತಲೆ ಮೇಲೆ ಸುರಿಯುವುದಕ್ಕೂ ಅಷ್ಟೇ ನೀರು ವರ್ಷವಿಡೀ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ವಿಕಿರಣದಿಂದ ಕೆಟ್ಟ ಡಿಎನ್‌ಎಯನ್ನು ಜೀವಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ನಿಧಾನಕ್ಕೆ ಬಂದರೆ ಆ ರಿಪೇರಿಗೆ ಸಮಯ ಸಿಗುತ್ತದೆ. ಹೀಗೊಂದು ವಾದವಿದೆ, ಅದರಲ್ಲಿ ಅರ್ಥವೂ ಇದೆ.

ಆದರೆ ಎದುರು ಸಾಕ್ಷಿಯೂ ಇದೆ. ಫ್ರಾನ್ಸ್, ಬ್ರಿಟನ್, ಅಮೆರಿಕದ ಅಣುಕೇಂದ್ರಗಳಲ್ಲಿ ದುಡಿದ 3 ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಿಗೂ ವಿಕಿರಣ ತಾಗಿದ್ದು ಸ್ವಲ್ಪ ಸ್ವಲ್ಪವಾಗಿಯೇ. ಅಲ್ಲಿ ಗಡ್ಡೆ ಕ್ಯಾನ್ಸರ್‌ನ ಸಾವು ಪ್ರತಿ ಗ್ರೇಗೆ ನೂರಕ್ಕೆ 52ರಷ್ಟು ಹೆಚ್ಚು ಎಂದು ಲೆಕ್ಕ ಬಂತು. ಹನಿ ಹನಿಯಾದರೆ ಏನೂ ಆಗದು ಎಂದು ಹೇಳುವವರು ಈ ಅಂಕಿಗೂ ಉತ್ತರ ಕೊಡಬೇಕು.

ಈಗ ಕರುನಾಗಪಳ್ಳಿಯ ಅಂಕಿಯನ್ನೇ ಬಿಡಿಸಿ ನೋಡೋಣ. 2009ರ ವರದಿಯಲ್ಲಿ ರಕ್ತ ಕ್ಯಾನ್ಸರ್ ಬಿಟ್ಟು ಉಳಿದವುಗಳ ಏರಿಕೆ ಪ್ರತಿ ಗ್ರೇಗೆ ಮೈನಸ್ 0.13 ಎಂದಿದೆ. ಏರಿಕೆ ಇಲ್ಲ, ಸ್ವಲ್ಪ ಇಳಿಕೆಯೇ ಎಂದು ಕಾಣುತ್ತದೆ. ಆದರೆ ಲೆಕ್ಕದಲ್ಲಿ ಆಚೀಚೆ ಆಗುವ ಅಂಚು ಮೈನಸ್ 0.58ರಿಂದ ಪ್ಲಸ್ 0.46ರವರೆಗೆ ಇದೆ. ಹಿರೋಶಿಮಾದ 0.47, ಅಂದರೆ ಆಗಲೇ ಹೇಳಿದ ನೂರಕ್ಕೆ 47, ಈ ಅಂಚಿಗೆ ತಾಗಿಕೊಂಡೇ ನಿಂತಿದೆ. ಹಾಗಾಗಿ "ಅಷ್ಟು ದೊಡ್ಡ ಅಪಾಯ ಇರುವ ಲಕ್ಷಣ ಇಲ್ಲ" ಎಂದು ಧೈರ್ಯವಾಗಿ ಹೇಳಬಹುದು. "ಅಪಾಯ ಸೊನ್ನೆ" ಎನ್ನಲು ಬರುವುದಿಲ್ಲ. ಈ ಎರಡು ಮಾತಿನ ನಡುವಿನ ಜಾಗದಲ್ಲೇ ಸತ್ಯ ಇದೆ. ಅದನ್ನು ಹಿಗ್ಗಿಸಿ ಹೆದರಿಸುವುದೂ ಬೇಡ, ಕುಗ್ಗಿಸಿ ಸಮಾಧಾನ ಹೇಳುವುದೂ ಬೇಡ.

ಸ್ವಲ್ಪ ವಿಕಿರಣ ಮೈಗೆ ಒಳ್ಳೆಯದು ಅನ್ನುತ್ತಾರಲ್ಲ?

ಬ್ರೆಜಿಲ್‌ನ ಗ್ವಾರಾಪಾರಿ ಎಂಬ ಊರಲ್ಲೂ ಇಂಥದ್ದೇ ಕಪ್ಪು ಮರಳಿದೆ. ಕೀಲುನೋವು ಹೋಗುತ್ತದೆಂದು ನಂಬಿ ಜನ ಅದರಲ್ಲಿ ಮೈ ಹೂತುಕೊಂಡು ಮಲಗುತ್ತಾರೆ. ಬಿಸಿ ಮರಳಿನ ಶಾಖಕ್ಕೆ ನೋವು ಇಳಿದಿರಲೂಬಹುದು. ಆದರೆ ಕರುನಾಗಪಳ್ಳಿಯ ಮೈನಸ್ ಗುರುತನ್ನು ತೋರಿಸಿ "ನೋಡಿ, ವಿಕಿರಣ ಕ್ಯಾನ್ಸರ್ ತಡೆಯುತ್ತದೆ" ಎನ್ನುವುದು ತಪ್ಪು. ಆ ಅಂಚು ಸೊನ್ನೆಯ ಎರಡೂ ಬದಿಗೆ ಚಾಚಿದೆ ಎಂದು ಆಗಲೇ ನೋಡಿದೆವು. ಇದರ ಹೆಸರಲ್ಲಿ ಯಾರಾದರೂ ಬಳೆ, ಪದಕ, ಹಾಸಿಗೆ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಬೇರೆ ದೇಶಗಳಲ್ಲಿ ಏನು ಕಂಡಿದೆ?

ಚೀನಾದ ಯಾಂಗ್‌ಜಿಯಾಂಗ್‌ನಲ್ಲಿ 31,604 ಜನರನ್ನು 1979ರಿಂದ 1998ರವರೆಗೆ ಗಮನಿಸಿದರು. ಕ್ಯಾನ್ಸರ್ ಸಾವು ಹೆಚ್ಚಿದ್ದು ಕಾಣಲಿಲ್ಲ, ಆದರೆ ಅಲ್ಲಿ ಲೆಕ್ಕದ ಅಂಚು ಇನ್ನೂ ಅಗಲ. ಇರಾನಿನ ರಾಮ್‌ಸರ್‌ನಲ್ಲಿ ಬಿಸಿನೀರಿನ ಬುಗ್ಗೆಗಳು ರೇಡಿಯಂ ಹೊತ್ತು ತರುತ್ತವೆ. ಅಲ್ಲಿನ ಕೆಲವು ಮನೆಗಳಲ್ಲಿ ವರ್ಷಕ್ಕೆ 260 ಮಿಲಿಸೀವರ್ಟ್‌ವರೆಗೆ ಅಳೆದಿದ್ದಾರೆ. ಸುದ್ದಿಗೆ ಅದು ದೊಡ್ಡ ಅಂಕಿ. ಆದರೆ ಅಂಥ ಮನೆಗಳಲ್ಲಿ ಇರುವವರು ತೀರಾ ಕಡಿಮೆ. ಅಷ್ಟು ಕಡಿಮೆ ಜನರಿಂದ ಕ್ಯಾನ್ಸರ್ ಬಗ್ಗೆ ಗಟ್ಟಿ ಮಾತು ಹೇಳಲು ಆಗದು. ಅದಕ್ಕೇ ನಾನು ಮತ್ತೆ ಮತ್ತೆ ಕರುನಾಗಪಳ್ಳಿಗೇ ಬರುತ್ತೇನೆ.

ಹುಟ್ಟುವ ಮಕ್ಕಳಿಗೆ ತೊಂದರೆ ಇದೆಯಾ?

ಮಗಳು ಬಸುರಿಯಾದಾಗ ತಾಯಂದಿರು ಫೋನ್ ಮಾಡಿ ಕೇಳುವುದು ಇದನ್ನೇ.

1976ರಲ್ಲಿ ಒಂದು ಅಧ್ಯಯನ, ಈ ತೀರದಲ್ಲಿ ಡೌನ್ ಸಿಂಡ್ರೋಮ್ ಹೆಚ್ಚು ಇದೆ ಎಂದು ಹೇಳಿತ್ತು. ದೊಡ್ಡ ಗದ್ದಲವಾಯಿತು. ಹೋಲಿಕೆ ಮಾಡಿದ ರೀತಿಯೇ ಸರಿಯಿಲ್ಲ ಎಂಬ ಟೀಕೆಯೂ ಬಂತು. ಆಮೇಲೆ ಭಾಭಾ ಅಣು ಸಂಶೋಧನಾ ಕೇಂದ್ರದ ಕೊಲ್ಲಂ ಪ್ರಯೋಗಾಲಯದವರು 1995ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷಿಸುತ್ತಾ ಬಂದರು. ಸುಮಾರು 1.4 ಲಕ್ಷ ಮಕ್ಕಳ ಲೆಕ್ಕ ನೋಡಿದಾಗ, ಹುಟ್ಟಿನಿಂದ ಬರುವ ದೊಡ್ಡ ಅಂಗದೋಷಗಳಿಗೂ ಅಲ್ಲಿನ ವಿಕಿರಣಕ್ಕೂ ಸಂಬಂಧ ಕಾಣಲಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ವರ್ಣತಂತುಗಳನ್ನು ನೋಡಿದರೂ ಹೆಚ್ಚಿನ ದೋಷ ಕಾಣಲಿಲ್ಲ.

ಇನ್ನೆರಡು ಸಂಗತಿ ಹೇಳದಿದ್ದರೆ ಅರ್ಧ ಮುಚ್ಚಿಟ್ಟ ಹಾಗಾಗುತ್ತದೆ. ಒಂದು, 2002ರಲ್ಲಿ ಬಂದ ಅಧ್ಯಯನ. ಈ ತೀರದ ಕುಟುಂಬಗಳಲ್ಲಿ ತಾಯಿಯಿಂದ ಮಕ್ಕಳಿಗೆ ಹೋಗುವ ಮೈಟೋಕಾಂಡ್ರಿಯಾ ಡಿಎನ್‌ಎಯಲ್ಲಿ ಚಿಕ್ಕ ಬದಲಾವಣೆಗಳು ಪಕ್ಕದ ಊರುಗಳಿಗಿಂತ ಹೆಚ್ಚು ಎಂದು ಅದು ತೋರಿಸಿತು. ಇದು ಕಾಯಿಲೆ ಅಲ್ಲ, ಆದರೆ ಮರಳು ಏನೂ ಮಾಡುತ್ತಿಲ್ಲ ಎನ್ನುವ ಹಾಗೂ ಇಲ್ಲ. ಎರಡು, 2013ರಲ್ಲಿ ಬ್ರಿಟನ್‌ನಿಂದ ಬಂದ ದೊಡ್ಡ ಅಧ್ಯಯನ. ಸಹಜ ಗ್ಯಾಮಾ ವಿಕಿರಣ ಹೆಚ್ಚಿರುವಲ್ಲಿ ಮಕ್ಕಳ ರಕ್ತ ಕ್ಯಾನ್ಸರ್ ಸ್ವಲ್ಪ ಹೆಚ್ಚು ಎಂದಿತು. ಅಸ್ಥಿಮಜ್ಜೆಗೆ ತಾಗಿದ ಒಂದೊಂದು ಮಿಲಿಗ್ರೇಗೆ ನೂರಕ್ಕೆ 12ರಷ್ಟು ಏರಿಕೆ. ಆಮೇಲೆ ಫ್ರಾನ್ಸ್‌ನಲ್ಲಿ ಹುಡುಕಿದವರಿಗೆ ಅದು ಕಾಣಲಿಲ್ಲ. ಮಕ್ಕಳ ರಕ್ತ ಕ್ಯಾನ್ಸರ್ ಮೊದಲೇ ಅಪರೂಪದ ಕಾಯಿಲೆ, ಅದರಲ್ಲಿ ಇಷ್ಟು ಏರಿಕೆ ಎಂದರೂ ಒಂದು ಮಗುವಿನ ಮಟ್ಟಿಗೆ ಅಪಾಯ ಬಹಳ ಚಿಕ್ಕದು. ಆದರೂ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದ ಹುಡುಕುತ್ತಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ಜನರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ ಅಂತೆ. ಅಲ್ಲಿ ಅದಕ್ಕಿಂತ ಜಾಸ್ತಿ ಇದೆಯಲ್ಲ?

ಆ ಮಿತಿ ಸಹಜ ವಿಕಿರಣಕ್ಕೆ ಅಲ್ಲ. ಅಣುಸ್ಥಾವರ, ಕಾರ್ಖಾನೆ ಮುಂತಾದವು ಅದರ ಮೇಲೆ ಸೇರಿಸಬಹುದಾದ ಪಾಲಿಗೆ ಹಾಕಿದ ಬೇಲಿ. ಆಸ್ಪತ್ರೆಯ ಎಕ್ಸ್-ರೇ, ಸ್ಕ್ಯಾನ್ ಕೂಡ ಆ ಲೆಕ್ಕದಲ್ಲಿ ಬರುವುದಿಲ್ಲ.

ಅಂದ ಹಾಗೆ, ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಒಂದಕ್ಕೆ ಸುಮಾರು 8ರಿಂದ 10 ಮಿಲಿಸೀವರ್ಟ್ ತಾಗುತ್ತದೆ. ಬೇಕಾದಾಗ ಮಾಡಿಸಲೇಬೇಕು, ಹೆದರಿ ಬಿಡಬೇಡಿ. "ಹಳೆಯ ಸ್ಕ್ಯಾನ್ ಇದೆ, ಅದು ಸಾಲುತ್ತದಾ?" ಎಂದು ಡಾಕ್ಟರನ್ನು ಒಂದು ಮಾತು ಕೇಳಿ. ಹಳೆಯ ಫಿಲಂಗಳನ್ನು ಜೋಪಾನವಾಗಿಡಿ.

ರೇಡಾನ್ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಮಾತಾಡಬೇಕು. ಸಹಜ ವಿಕಿರಣದಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಗಟ್ಟಿಯಾಗಿ ಸಾಬೀತಾಗಿರುವುದು ಇದೇ. ನೆಲದ ಯುರೇನಿಯಂನಿಂದ ಹುಟ್ಟಿ, ಬಿರುಕುಗಳಿಂದ ಮನೆಯೊಳಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದಾಗ ಅದರ ಮರಿಕಣಗಳು ಶ್ವಾಸಕೋಶಕ್ಕೆ ಅಂಟುತ್ತವೆ. ಯುರೋಪಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರತಿ ಘನ ಮೀಟರ್ ಗಾಳಿಯಲ್ಲಿ 100 ಬೆಕರೆಲ್ (ಸೆಕೆಂಡಿಗೆ ಒಂದು ಪರಮಾಣು ಸಿಡಿದರೆ ಒಂದು ಬೆಕರೆಲ್) ಹೆಚ್ಚಿದರೆ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 16ರಷ್ಟು ಏರುತ್ತದೆ ಎಂದು ಕಂಡಿತು. ಬೇರೆ ಬೇರೆ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 3ರಿಂದ 14 ರೇಡಾನ್‌ನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಇದು ಹಲವು ಪಟ್ಟು ಅಪಾಯಕಾರಿ.

ಚಳಿ ದೇಶಗಳಲ್ಲಿ ಕಿಟಕಿ ಮುಚ್ಚಿಕೊಂಡೇ ಇರುವುದರಿಂದ ಅಲ್ಲಿ ತೊಂದರೆ ಜಾಸ್ತಿ. ನಮ್ಮ ಹಳೆಯ ಮನೆಗಳಲ್ಲಿ ಗಾಳಿ ಓಡಾಡುತ್ತಿತ್ತು. ಈಗ ಎ.ಸಿ. ಹಾಕಿ ಎಲ್ಲ ಮುಚ್ಚುತ್ತಿದ್ದೇವೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು, ಮುಖ್ಯವಾಗಿ ನೆಲಮಾಳಿಗೆಯಲ್ಲಿ ಮಲಗುವವರು, ಒಂದು ರೇಡಾನ್ ಪರೀಕ್ಷಾ ಕಿಟ್ ತಂದು ನೋಡಿ.

ಉಳ್ಳಾಲದ ಬೀಚ್‌ನಲ್ಲಿ ಮಕ್ಕಳು ಮರಳಲ್ಲಿ ಆಡಬಹುದಾ?

ಆಡಲಿ. ಉಳ್ಳಾಲದ ತೀರದಲ್ಲೂ ಮೊನಾಜೈಟ್ ಇರುವ ತೇಪೆಗಳಿವೆ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲೇ ಇದನ್ನು ಬರೆದಿದ್ದಾರೆ. ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 10 ಮಿಲಿಸೀವರ್ಟ್ ಬರುವಂಥ ಜಾಗ ಎಂದೇ ಇಟ್ಟುಕೊಳ್ಳೋಣ. ಅಲ್ಲಿ ಮೂರು ಗಂಟೆ ಆಡಿದರೆ ತಾಗುವುದು, ಜಗತ್ತಿನ ಯಾವುದೋ ಸಾಮಾನ್ಯ ಊರಲ್ಲಿ ಅರ್ಧ ದಿನ ಕಳೆದಷ್ಟು. ಅಲ್ಲಿ ನಾನು ಮಕ್ಕಳ ಬಗ್ಗೆ ಹೆದರುವುದು ಅಲೆಗೆ, ಮರಳಿಗೆ ಅಲ್ಲ. ಮಳೆಗಾಲದಲ್ಲಿ ನೀರಿಗೆ ಬಿಡಬೇಡಿ.

ಮನೆಯ ಗ್ರಾನೈಟ್ ಕಲ್ಲು?

ಸ್ವಲ್ಪ ಇರುತ್ತದೆ. ಅಡುಗೆ ಕಟ್ಟೆ ಕೀಳಿಸುವ ಅಗತ್ಯವಿಲ್ಲ.

ಕೋಲಾರ ಕಡೆ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಇದೆಯಂತೆ. ಇದೂ ಅದೇ ವಿಷಯವಾ?

ಬೇರೆ ವಿಷಯ, ಮತ್ತು ನನ್ನ ಪ್ರಕಾರ ನಮ್ಮ ರಾಜ್ಯಕ್ಕೆ ಮರಳಿಗಿಂತ ದೊಡ್ಡ ವಿಷಯ. ಗ್ರಾನೈಟ್ ಬಂಡೆಯ ನಾಡಲ್ಲಿ ಬೋರ್ ಆಳಕ್ಕೆ ಹೋದ ಹಾಗೆ, ಬಂಡೆಯಲ್ಲಿರುವ ಯುರೇನಿಯಂ ನೀರಿಗೆ ಬಿಡಬಹುದು. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ನೀರಲ್ಲಿ ಇದು ಮಿತಿ ಮೀರಿರುವುದು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60.

ಇಲ್ಲಿ ಮುಖ್ಯ ಭಯ ವಿಕಿರಣದ್ದಲ್ಲ, ಕ್ಯಾನ್ಸರ್‌ನದ್ದೂ ಅಲ್ಲ. ಯುರೇನಿಯಂ ಒಂದು ಭಾರಲೋಹ, ಮೂತ್ರಪಿಂಡಕ್ಕೆ ಕೆಟ್ಟದ್ದು. ನೀರು ಕುದಿಸಿದರೆ ಹೋಗುವುದಿಲ್ಲ. ಆರ್.ಒ. ಫಿಲ್ಟರ್ ಬಹುಪಾಲು ತೆಗೆಯುತ್ತದೆ. ನೀರನ್ನು ಪರೀಕ್ಷೆಗೆ ಕೊಡುವಾಗ ಯುರೇನಿಯಂ ಕೂಡ ನೋಡಿ ಎಂದು ಬಾಯಿಬಿಟ್ಟು ಹೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಇರುವುದಿಲ್ಲ.

ನಮ್ಮ ಬೀದಿಯಲ್ಲೇ ನಾಲ್ಕು ಜನಕ್ಕೆ ಕ್ಯಾನ್ಸರ್ ಬಂದಿದೆ. ನೆಲದಲ್ಲೇ ಏನೋ ಇದೆ ಅನಿಸುತ್ತದೆ.

ಹಾಗನಿಸುವುದು ಸಹಜ. ಮನೆ ಮನೆಯಲ್ಲೂ ನೋವು ಕಂಡವರಿಗೆ ಅಂಕಿಸಂಖ್ಯೆ ಹೇಳಿದರೆ ಸಿಟ್ಟು ಬರುತ್ತದೆ. ಆದರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾಲ್ವರಿಗೂ ಬಂದದ್ದು ಒಂದೇ ಬಗೆಯ ಕ್ಯಾನ್ಸರಾ? ಅವರ ವಯಸ್ಸೆಷ್ಟು? ಒಬ್ಬರಿಗೆ ಸ್ತನ, ಒಬ್ಬರಿಗೆ ಬಾಯಿ, ಒಬ್ಬರಿಗೆ ಹೊಟ್ಟೆ, ಎಲ್ಲರಿಗೂ ಅರವತ್ತು ದಾಟಿದೆ ಎಂದಾದರೆ ಒಂದೇ ಕಾರಣ ಇರುವುದು ಅಪರೂಪ. ಒಂದೇ ಬಗೆಯದ್ದು, ಅದೂ ಚಿಕ್ಕ ವಯಸ್ಸಿನವರಿಗೆ ಬಂದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದುಕೊಡಿ. ಸುಮ್ಮನಿರಬೇಡಿ. ಕರುನಾಗಪಳ್ಳಿಯಲ್ಲಿ ಇದ್ದಂಥ ನೋಂದಣಿ ಪ್ರತಿ ತಾಲೂಕಿನಲ್ಲೂ ಇದ್ದರೆ ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಾಗುತ್ತಿರಲಿಲ್ಲ.

ಕೊಲ್ಲಂ ತೀರದಲ್ಲಿರುವ ನಮ್ಮವರು ಊರು ಬಿಡಬೇಕಾ?

ಈವರೆಗೆ ಗೊತ್ತಿರುವುದನ್ನು ನೋಡಿದರೆ, ವಿಕಿರಣದ ಕಾರಣಕ್ಕೆ ಬಿಡಬೇಕಾಗಿಲ್ಲ. ಆ ತೀರದವರಿಗೆ ಬೇರೆ ಸಂಕಟಗಳಿವೆ. ಆಲಪ್ಪಾಡ್‌ನ ಜನ ಮರಳು ಗಣಿಗಾರಿಕೆ ನಿಲ್ಲಿಸಿ ಎಂದು 2018-19ರಲ್ಲಿ ಹೋರಾಟಕ್ಕಿಳಿದದ್ದು ವಿಕಿರಣಕ್ಕೆ ಹೆದರಿ ಅಲ್ಲ, ಕಡಲು ತಮ್ಮ ನೆಲವನ್ನು ನುಂಗುತ್ತಿದೆ ಎಂದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಅಂಗಳದ ಮರಳನ್ನು ಒಳಗೆ ತಂದು ನೆಲ ತುಂಬಿಸಬೇಡಿ. ಗಟ್ಟಿ ಸಿಮೆಂಟ್ ನೆಲ ಹಾಕಿಸಿದರೆ ಅಡಿಯಿಂದ ಬರುವ ವಿಕಿರಣ ಸ್ವಲ್ಪ ತಗ್ಗುತ್ತದೆ. ಕಿಟಕಿ ತೆರೆದಿಡಿ. ಅಳಿಯನೋ ಮಾವನೋ ಬೀಡಿ ಸೇದುತ್ತಿದ್ದರೆ ಅದನ್ನು ಬಿಡಿಸಿ. ಊಟವಾದ ಮೇಲೆ ಎಲೆಗೆ ಹೊಗೆಸೊಪ್ಪು ಸೇರಿಸುವ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂತು ಮಾತಾಡಿ. ಅಡಿಕೆಯೊಂದೇ ಆದರೂ ಬಾಯಿಗೆ ಒಳ್ಳೆಯದಲ್ಲ. ಅಡಿಕೆ ಬೆಳೆಯುವ ಊರಿನವನಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಬಾಯಲ್ಲಿ ಬಿಳಿ ಮಚ್ಚೆಯೋ ಎರಡು ವಾರವಾದರೂ ಆರದ ಹುಣ್ಣೋ ಕಂಡರೆ ಮುಂದೂಡದೆ ತೋರಿಸಿ. ಅಲ್ಲಿಯವರು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ, ನಮ್ಮವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬಹುದು. ಮೊದಲು ಹತ್ತಿರದ ದಂತವೈದ್ಯರಿಗೂ ತೋರಿಸಬಹುದು.